ಮನೆಯ ಒಲೆಯೂ ಊರ ಹೊಗೆಯೂ

ನಮ್ಮ ಬೀದಿಯ ಕೊನೆಯಲ್ಲಿರುವ ಬೇಕರಿಯಲ್ಲಿ ಸೌದೆಯ ಭಟ್ಟಿ ಹೋಗಿ ವಿದ್ಯುತ್ತಿನ ಭಟ್ಟಿ ಬಂದಿದೆ. ಮುಂಬಯಿಯ ಬೇಕರಿಗಳೂ ತಂದೂರು ಹಚ್ಚುವ ಹೋಟೆಲುಗಳೂ ಸೌದೆ, ಇದ್ದಿಲುಗಳನ್ನು ಬಿಟ್ಟು ಹೊಗೆ ಕಾರದ ಇಂಧನಕ್ಕೆ ಬದಲಾಯಿಸಿಕೊಳ್ಳಬೇಕೆಂದು 2025ರ ಜನವರಿಯಲ್ಲಿ ಇಲ್ಲಿಯ ಉಚ್ಚ ನ್ಯಾಯಾಲಯ ಆರು ತಿಂಗಳ ಗಡುವು ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಅಂದಿನಿಂದ ನಮ್ಮ ಕಟ್ಟಡದಲ್ಲಿ ಎರಡು ಪಕ್ಷಗಳಾಗಿವೆ. ಪಾವ್‌ಗೆ ಹಳೆಯ ರುಚಿ ಇಲ್ಲ ಎನ್ನುವವರದು ಒಂದು ಪಕ್ಷ. ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂರುವುದು ನಿಂತಿತಲ್ಲ, ಅಷ್ಟೇ ಸಾಕು ಎನ್ನುವವರದು ಇನ್ನೊಂದು. ಬೇಕರಿಯ ಮಾಲೀಕರು ಮಾತ್ರ ಯಾವ ಪಕ್ಷಕ್ಕೂ ಸೇರದೆ, "ಭಟ್ಟಿಯ ಸಾಲ ತೀರಿಸುವವರು ಯಾರು, ಅದನ್ನು ಹೇಳಿ" ಎಂದು ಕೇಳುತ್ತಾರೆ.

ಈ ಮಾತು ಕೇಳಿದಾಗ ನನಗೆ ಬಾಲ್ಯದ ಚಾಳಿನ ನೆನಪಾಗುತ್ತದೆ. ಬೆಳಗಾಗುತ್ತಲೇ ಪ್ರತಿ ಕೋಣೆಯ ಬಾಗಿಲ ಮುಂದೆ, ಉದ್ದನೆಯ ಗ್ಯಾಲರಿಯಲ್ಲಿ, ಒಂದೊಂದು ಸಿಗಡಿ ಹೊತ್ತಿಕೊಳ್ಳುತ್ತಿತ್ತು. ಕಲ್ಲಿದ್ದಲು ಕೆಂಪಗಾಗಿ ಹೊಗೆ ಕಳೆಯುವವರೆಗೆ ಅದನ್ನು ಒಳಗೆ ಒಯ್ಯುವಂತಿರಲಿಲ್ಲ. ಅಲ್ಲಿಯವರೆಗೆ ನಮ್ಮ ಹೊಗೆ ಪಕ್ಕದವರ ಮನೆಗೆ, ಪಕ್ಕದವರದು ನಮ್ಮ ಮನೆಗೆ. ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ಬೀಸಣಿಗೆ ಬೀಸುತ್ತಿದ್ದರು. ಎದುರಿಗೆ ಗಿರಣಿಯ ಚಿಮಣಿ ಕರಿ ಹೊಗೆ ಕಾರಿದರೆ ಚಾಳಿನವರೆಲ್ಲ ಬೈಯುತ್ತಿದ್ದರು. ಸಿಗಡಿಯ ಹೊಗೆಯನ್ನು ಯಾರೂ ಬೈದದ್ದು ನನಗೆ ನೆನಪಿಲ್ಲ. ಅನ್ನ ಬೇಯಿಸುವ ಒಲೆಯನ್ನು ಬೈಯುವುದುಂಟೇ?

ಪರರ ಚಿಮಣಿಯ ಮೇಲೆ ಸಿಟ್ಟು, ತನ್ನ ಒಲೆಯ ಮೇಲೆ ಮಮತೆ: ಇದು ಮನುಷ್ಯಸ್ವಭಾವ. ಈ ಸ್ವಭಾವದೊಡನೆ ಒಂದು ಮಹಾನಗರ ಏಳುನೂರು ವರ್ಷ ಗುದ್ದಾಡಿದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆ ನಗರ ಲಂಡನ್. ಹೊಗೆಯನ್ನು ನಿಷೇಧಿಸಿದ ಪ್ರದೇಶಗಳೆಂಬ ಕಲ್ಪನೆ ಬೆಳೆದದ್ದು ಆ ದೇಶದಲ್ಲಿ. ಅದರ ಒಂದು ಕುಡಿ ನಮ್ಮ ಕಾನೂನಿನ ಪುಸ್ತಕದಲ್ಲಿಯೂ ಚಿಗುರಿದೆ.

ಕಡಲ ಕಲ್ಲಿದ್ದಲು

ಇಂಗ್ಲೆಂಡಿನ ಈಶಾನ್ಯ ಕರಾವಳಿಯಿಂದ ಹಡಗಿನಲ್ಲಿ ಲಂಡನ್ನಿಗೆ ಬರುತ್ತಿದ್ದುದರಿಂದ ಕಲ್ಲಿದ್ದಲಿಗೆ ಅಲ್ಲಿ 'ಕಡಲ ಕಲ್ಲಿದ್ದಲು' ಎಂದೇ ಹೆಸರು. ಹದಿಮೂರನೆಯ ಶತಮಾನದಲ್ಲಿ ಸುಣ್ಣದ ಗೂಡಿನವರೂ ಕಮ್ಮಾರರೂ ಅದನ್ನು ಉರಿಸತೊಡಗಿದರು. 1257ರಲ್ಲಿ ನಾಟಿಂಗ್‌ಹ್ಯಾಮಿಗೆ ಹೋಗಿದ್ದ ರಾಣಿ ಎಲೀನರ್ ಅದರ ಹೊಗೆ ತಾಳಲಾರದೆ ಆ ಊರನ್ನೇ ಬಿಟ್ಟು ಹೊರಟಳಂತೆ. ಅವಳ ಮಗ ಒಂದನೆಯ ಎಡ್ವರ್ಡ್ ಅರಸನ ಆಳ್ವಿಕೆಯಲ್ಲಿ, 1306ರ ಸುಮಾರಿಗೆ, ಲಂಡನ್ನಿನ ಕುಶಲಕರ್ಮಿಗಳು ಈ ಇಂಧನವನ್ನು ಉರಿಸಬಾರದೆಂದು ಆಜ್ಞೆ ಹೊರಟಿತು. ಆಜ್ಞೆಯಿಂದ ಏನೂ ಆಗಲಿಲ್ಲ. ಕಲ್ಲಿದ್ದಲಿನ ಬದಲು ಏನನ್ನು ಉರಿಸಬೇಕು, ಅದರ ಬೆಲೆಯನ್ನು ಯಾರು ಕೊಡಬೇಕು ಎಂಬುದನ್ನು ಅರಸ ಹೇಳಿರಲಿಲ್ಲ.

ಹದಿನಾರನೆಯ ಶತಮಾನದ ಹೊತ್ತಿಗೆ ಲಂಡನ್ ಬೆಳೆಯಿತು, ಸುತ್ತಲಿನ ಕಾಡು ಕರಗಿತು, ಸೌದೆಯ ಬೆಲೆ ಏರಿತು. ಬಡವರು ಮೊದಲು, ಅನಂತರ ಶ್ರೀಮಂತರು, ಕಲ್ಲಿದ್ದಲನ್ನು ಮನೆಯೊಳಕ್ಕೆ ಬರಮಾಡಿಕೊಂಡರು. ಕಲ್ಲಿದ್ದಲಿನ ಹೊಗೆ ಸೌದೆಯ ಹೊಗೆಗಿಂತ ಘಾಟು. ಅದನ್ನು ಹೊರಗೆ ಅಟ್ಟಲು ಮನೆಮನೆಗೂ ಇಟ್ಟಿಗೆಯ ಹೊಗೆಗೂಡು ಎದ್ದಿತು. ಮನೆ ಶುಭ್ರವಾಯಿತು, ಊರು ಮಸಿಯಾಯಿತು.

1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸ 'ಫ್ಯೂಮಿಫ್ಯೂಜಿಯಮ್' ಎಂಬ ಕಿರುಪುಸ್ತಕ ಬರೆದು ಎರಡನೆಯ ಚಾರ್ಲ್ಸ್ ದೊರೆಗೆ ಅರ್ಪಿಸಿದ. ಮದ್ಯ ಕಾಯಿಸುವವರು, ಬಣ್ಣ ಹಾಕುವವರು, ಸುಣ್ಣ ಸುಡುವವರು, ಸಾಬೂನು ಬೇಯಿಸುವವರು ಊರ ಹೊರಗೆ ಹೋಗಲಿ, ನಗರದ ಸುತ್ತ ಪರಿಮಳದ ಗಿಡಗಳನ್ನು ನೆಡೋಣ ಎಂದು ಅವನ ಸಲಹೆ. ಅಡುಗೆಮನೆಯ ಬೆಂಕಿಯಿಂದ ಅಷ್ಟೇನೂ ಕೇಡಿಲ್ಲ ಎಂದೇ ಅವನೂ ಭಾವಿಸಿದ್ದ. ಅರಸನಿಗೆ ಪುಸ್ತಕ ಹಿಡಿಸಿತು. ನಗರಕ್ಕೆ ಅದರಿಂದ ಏನೂ ದೊರೆಯಲಿಲ್ಲ.

ಕರಿ ಹೊಗೆ, ಕಂದು ಹೊಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರಗಳು ಬಂದವು. ಕಾನೂನುಗಳೂ ಬಂದವು: 1821ರಲ್ಲಿ ಒಂದು, 1853ರಲ್ಲಿ ಲಂಡನ್ನಿಗೆಂದೇ ಒಂದು, 1866ರಲ್ಲಿ ಇನ್ನೊಂದು, 1875ರಲ್ಲಿ ಸಾರ್ವಜನಿಕ ಆರೋಗ್ಯದ ದೊಡ್ಡ ಶಾಸನ. ಈ ಕೊನೆಯ ಶಾಸನದ ಮಾತುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 'ಕರಿ ಹೊಗೆ' ಕಾರುವ ಚಿಮಣಿ ಉಪದ್ರವವೆಂದು ಅದು ಸಾರಿತು. ಆದರೆ ವಾಸದ ಮನೆಯ ಚಿಮಣಿಯನ್ನು ಕಂಸ ಹಾಕಿ ಹೊರಗಿಟ್ಟಿತು. ಇನ್ನು ಕಾರ್ಖಾನೆಯವನು ನ್ಯಾಯಾಲಯಕ್ಕೆ ಬಂದು, ನನ್ನ ಹೊಗೆ ಕಪ್ಪಲ್ಲ, ಗಾಢ ಕಂದು ಎಂದು ವಾದಿಸಿದರೆ ಅಧಿಕಾರಿ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ರಂಗೋಲಿಯ ಕೆಳಗೆ ನುಸುಳುವವರು ಎಲ್ಲ ದೇಶದಲ್ಲಿಯೂ ಇದ್ದಾರೆ.

ಮನೆಯ ಒಲೆಗೆ ಕೈ ಹಚ್ಚಲು ಸರ್ಕಾರ ಹೆದರಿದ್ದಕ್ಕೆ ಕಾರಣವಿತ್ತು. ಇಂಗ್ಲಿಷರಿಗೆ ತೆರೆದ ಅಗ್ಗಿಷ್ಟಿಕೆ ಎಂದರೆ ನಮಗೆ ತುಳಸಿಕಟ್ಟೆ ಇದ್ದಂತೆ. ಸಂಜೆ ಅದರ ಸುತ್ತ ಕುಳಿತರೇ ಸಂಸಾರ. ಶಾಖದ ಬಹುಪಾಲು ಹೊಗೆಗೂಡಿನಲ್ಲಿ ಹಾರಿಹೋದರೂ ಜ್ವಾಲೆ ಕಣ್ಣಿಗೆ ಕಾಣಬೇಕು, ಕಬ್ಬಿಣದ ಸಲಾಕೆಯಿಂದ ಕೆದಕಲು ಕೈಗೆ ಸಿಗಬೇಕು. ಜರ್ಮನರಂತೆ, ರಷ್ಯನರಂತೆ ಮುಚ್ಚಿದ ಒಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅವರಿಗೆ ಒಗ್ಗಲಿಲ್ಲ.

ಒಳ್ಳೆಯ ಒಲೆ ಇರಲಿಲ್ಲವೆಂದಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿಯೇ ಕಬ್ಬಿಣದ ಒಲೆಯೊಂದನ್ನು ರೂಪಿಸಿದ್ದ. ಕೌಂಟ್ ರಮ್‌ಫರ್ಡ್ 1790ರ ದಶಕದಲ್ಲಿ ಅಗ್ಗಿಷ್ಟಿಕೆಯ ಬಾಯನ್ನು ಕಿರಿದುಮಾಡಿ, ಹೊಗೆಗೂಡಿನ ಕತ್ತನ್ನು ಬಿಗಿಮಾಡಿ, ಅದೇ ಇಂಧನದಿಂದ ಹೆಚ್ಚು ಶಾಖ ಬರುವಂತೆ ಮಾಡಿದ. 1850ರ ದಶಕದಲ್ಲಿ ನೀಲ್ ಆರ್ನಟ್ ಎಂಬ ವೈದ್ಯ ಕಲ್ಲಿದ್ದಲನ್ನು ಮೇಲಿನಿಂದ ಸುರಿಯದೆ ಕೆಳಗಿನಿಂದ ಏರಿಸುವ ಅಗ್ಗಿಷ್ಟಿಕೆ ಮಾಡಿದ.

ಆರ್ನಟ್‌ನ ಯುಕ್ತಿ ತಿಳಿದರೆ ಮುಂದಿನ ಕಥೆಯೆಲ್ಲ ತಿಳಿಯುತ್ತದೆ. ಕಲ್ಲಿದ್ದಲಾಗಲಿ ಸೌದೆಯಾಗಲಿ ಬಿಸಿಯಾದಾಗ ಮೊದಲು ಅದರಿಂದ ಟಾರಿನ ಅಂಶವುಳ್ಳ ಅನಿಲಗಳು ಹೊರಡುತ್ತವೆ. ಅವುಗಳಿಗೆ ಸಾಕಷ್ಟು ಶಾಖವೂ ಗಾಳಿಯೂ ಸಿಕ್ಕರೆ ಜ್ವಾಲೆಯಾಗಿ ಉರಿಯುತ್ತವೆ. ಸಿಗದಿದ್ದರೆ ಹಾಗೆಯೇ ಮೇಲೇರಿ ಹೊಗೆಯಾಗುತ್ತವೆ. ಹೊಗೆಯೆಂದರೆ ಉರಿಯದೆ ತಪ್ಪಿಸಿಕೊಂಡ ಇಂಧನ. ಕೆಂಡದ ಮೇಲೆ ಹೊಸ ಕಲ್ಲಿದ್ದಲು ಸುರಿದರೆ ಅನಿಲ ತಪ್ಪಿಸಿಕೊಳ್ಳುತ್ತದೆ; ಕೆಂಡದ ಕೆಳಗಿನಿಂದ ಏರಿಸಿದರೆ ಕೆಂಡವನ್ನು ಹಾದು ಹೋಗುವಾಗ ಉರಿದುಹೋಗುತ್ತದೆ. ಇಷ್ಟು ಸರಳ. ಆದರೂ ಜನ ಅದನ್ನು ಕೊಳ್ಳಲಿಲ್ಲ. ಒಲೆಗೆ ದುಡ್ಡು ಕೊಡುವವನು ತಾನು, ಹೊಗೆ ಕುಡಿಯುವವರು ಊರವರೆಲ್ಲ. ಹೀಗಿರುವಾಗ ತಾನೊಬ್ಬನೇ ಏಕೆ ಖರ್ಚು ಮಾಡಬೇಕು?

ಸಮಾಜಸೇವಕಿ ಆಕ್ಟೇವಿಯಾ ಹಿಲ್ ಮತ್ತು ವೈದ್ಯ ಅರ್ನೆಸ್ಟ್ ಹಾರ್ಟ್ ಮುಂತಾದವರು ಸೇರಿ 1881ರ ಕೊನೆಯಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಹೊಗೆ ತಗ್ಗಿಸುವ ಒಲೆಗಳ ದೊಡ್ಡ ಪ್ರದರ್ಶನವನ್ನೇ ಏರ್ಪಡಿಸಿದರು. ಜನ ಬಂದರು, ನೋಡಿದರು, ಮನೆಗೆ ಹೋಗಿ ಹಳೆಯ ಅಗ್ಗಿಷ್ಟಿಕೆಯನ್ನೇ ಹಚ್ಚಿದರು. 1898ರಲ್ಲಿ ಕಲ್ಲಿದ್ದಲ ಹೊಗೆ ನಿವಾರಣಾ ಸಂಘ ಹುಟ್ಟಿತು. ಅದರ ಡಾಕ್ಟರ್ ಡೆ ವೂ 1905ರಲ್ಲಿ ಹೊಗೆ ಮತ್ತು ಮಂಜು ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು 'ಸ್ಮಾಗ್' ಎಂಬ ಪದವನ್ನು ಬಳಕೆಗೆ ತಂದರು. ಪದ ಉಳಿಯಿತು, ಹೊಗೆಯೂ ಉಳಿಯಿತು.

ಐದು ದಿನಗಳು

1952ರ ಡಿಸೆಂಬರ್ 5, ಶುಕ್ರವಾರ. ಲಂಡನ್ನಿನಲ್ಲಿ ಕಟುವಾದ ಚಳಿ, ಗಾಳಿ ನಿಶ್ಚಲ. ಮೇಲೆ ಬೆಚ್ಚನೆಯ ಗಾಳಿಯ ಪದರ, ಕೆಳಗೆ ತಣ್ಣನೆಯ ಗಾಳಿ. ನಗರದ ಮೇಲೆ ಯಾರೋ ಮುಚ್ಚಳ ಮುಚ್ಚಿದಂತಾಯಿತು. ಚಳಿಗೆ ಜನ ಒಲೆಗೆ ಇನ್ನಷ್ಟು ಕಲ್ಲಿದ್ದಲು ಹಾಕಿದರು. ಯುದ್ಧ ಮುಗಿದು ಏಳು ವರ್ಷವಾಗಿದ್ದರೂ ಕಲ್ಲಿದ್ದಲು ಇನ್ನೂ ರೇಷನ್ನಿನಲ್ಲಿತ್ತು; ಒಳ್ಳೆಯ ಮಾಲು ವಿದೇಶಕ್ಕೆ ರಫ್ತಾಗುತ್ತಿತ್ತು. ಪುಡಿ ಮತ್ತು ಸಣ್ಣ ಚೂರುಗಳು ಬೆರೆತ 'ನಟಿ ಸ್ಲ್ಯಾಕ್' ಎಂಬ ಅಗ್ಗದ ಕಲ್ಲಿದ್ದಲನ್ನು ಮಾತ್ರ ಸರ್ಕಾರ ಆ ಡಿಸೆಂಬರ್ 1ರಿಂದಲೇ ರೇಷನ್ನಿನಿಂದ ಬಿಡುಗಡೆ ಮಾಡಿತ್ತು. ಮನೆಮನೆಯಲ್ಲಿ ಅದೇ ಹೊಗೆಯಾಡಿತು.

ಹಳದಿ ಕಪ್ಪು ಮಂಜು ಮಂಗಳವಾರದವರೆಗೆ ಕದಲಲಿಲ್ಲ. ಕಂಡಕ್ಟರುಗಳು ಕೈಯಲ್ಲಿ ದೀಪ ಹಿಡಿದು ಬಸ್ಸಿನ ಮುಂದೆ ನಡೆದರು. ಕೊನೆಗೆ ಬಸ್ಸುಗಳೂ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದ ಒಳಗೇ ಮಂಜು ತುಂಬಿ ಗೀತನಾಟಕ ನಡುವೆಯೇ ನಿಂತಿತು. ದನಗಳ ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ಹೋರಿಗಳು ಉಸಿರು ಕಟ್ಟಿ ಸತ್ತವು. ಮನುಷ್ಯರ ಸಾವು ಕೂಡಲೇ ಕಣ್ಣಿಗೆ ಬೀಳಲಿಲ್ಲ. ಮುದುಕರು, ಹಸುಳೆಗಳು, ಎದೆರೋಗದವರು ಅವರವರ ಮನೆಯಲ್ಲಿ, ಆಸ್ಪತ್ರೆಯಲ್ಲಿ ಒಬ್ಬೊಬ್ಬರಾಗಿ ಸತ್ತರು. ಶವಪೆಟ್ಟಿಗೆ ಮಾರುವವರಲ್ಲಿ ಪೆಟ್ಟಿಗೆ, ಹೂ ಮಾರುವವರಲ್ಲಿ ಹೂ ಸಾಲದಾದಾಗ ಜನಕ್ಕೆ ಅರಿವಾಯಿತು. ಸುಮಾರು 4,000 ಮಂದಿ ಹೆಚ್ಚಾಗಿ ಸತ್ತರೆಂದು ಆಗಿನ ಲೆಕ್ಕ. ಮುಂದಿನ ಎರಡು ಮೂರು ತಿಂಗಳ ಸಾವುಗಳನ್ನು ಸರ್ಕಾರ ಇನ್‌ಫ್ಲುಯೆಂಜಾದ ಖಾತೆಗೆ ಬರೆಯಿತು. ಅವನ್ನೂ ಸೇರಿಸಿದರೆ ಸಂಖ್ಯೆ 12,000ದ ಸುಮಾರಿಗೆ ಏರುತ್ತದೆಂದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು.

ಸರ್ಕಾರ ಮೊದಲು ಮೀನಮೇಷ ಎಣಿಸಿತು. ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಕೂಗು ಹೆಚ್ಚಾದ ಮೇಲೆ 1953ರಲ್ಲಿ ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಗಿನ್ನೆಸ್ ದಾಖಲೆಗಳ ಪುಸ್ತಕದ ಕಲ್ಪನೆ ಹೊಳೆದದ್ದೂ ಇದೇ ಬೀವರ್ ಅವರಿಗೆ. 1954ರ ನವೆಂಬರಿನಲ್ಲಿ ಬಂದ ಅವರ ವರದಿ, ಇಷ್ಟು ಕಾಲ ಯಾರೂ ಆಡಲು ಧೈರ್ಯಮಾಡದ ಮಾತನ್ನು ಆಡಿತು: ಮನೆಯ ಒಲೆಯನ್ನು ಬಿಟ್ಟು ಹೊಗೆಯ ನಿವಾರಣೆ ಸಾಧ್ಯವಿಲ್ಲ. ಸರ್ಕಾರ ಮತ್ತೆ ತಡಮಾಡಿದಾಗ ಜೆರಾಲ್ಡ್ ನಬಾರೊ ಎಂಬ ಸದಸ್ಯರು ತಾವೇ ಖಾಸಗಿ ಮಸೂದೆ ಮಂಡಿಸಿ ಒತ್ತಾಯ ತಂದರು. 1956ರ ಜುಲೈ 5ರಂದು ಶುದ್ಧ ಗಾಳಿಯ ಶಾಸನಕ್ಕೆ ಒಪ್ಪಿಗೆ ಬಿತ್ತು.

ಎರಡು ಬಾಗಿಲುಗಳು

ಈ ಶಾಸನದ ಹೃದಯ 'ಹೊಗೆ ನಿಯಂತ್ರಣ ಪ್ರದೇಶ'. ಈ ಕಲ್ಪನೆ ಹೊಸದಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಗ್ಯಾಂಡಿ ಎಂಬ ವಕೀಲರು 1930ರ ದಶಕದಲ್ಲಿಯೇ ಇದನ್ನು ಮುಂದಿಟ್ಟಿದ್ದರು. 1946ರಲ್ಲಿ ಮ್ಯಾಂಚೆಸ್ಟರ್ ನಗರ ತನ್ನದೇ ಶಾಸನದ ಮೂಲಕ ಅಧಿಕಾರ ಪಡೆದು 1952ರಲ್ಲಿ ನಗರದ ನಡುಭಾಗದಲ್ಲಿ ಇದನ್ನು ಜಾರಿಗೆ ತಂದಿತ್ತು. ಈಗ ಅದು ದೇಶಕ್ಕೆಲ್ಲ ಅನ್ವಯವಾಯಿತು. ಪುರಸಭೆ ಒಂದು ಬಡಾವಣೆಯನ್ನು ಗುರುತಿಸಿ, ಮನೆಮನೆಯ ಒಲೆಗಳನ್ನು ಎಣಿಸಿ, ಆಕ್ಷೇಪಣೆಗಳನ್ನು ಕೇಳಿ, ಒಲೆ ಬದಲಿಸಿಕೊಳ್ಳಲು ಕಾಲಾವಕಾಶ ಕೊಟ್ಟು, ಆಮೇಲೆ ಆ ಬಡಾವಣೆಯ ಯಾವ ಚಿಮಣಿಯಿಂದಲೂ ಹೊಗೆ ಬರಕೂಡದೆಂದು ಸಾರಬಹುದಾಗಿತ್ತು.

ಬೆಂಕಿಯನ್ನೇ ನಿಷೇಧಿಸಲಿಲ್ಲ. ಕಾನೂನು ಎರಡು ಬಾಗಿಲು ತೆರೆದಿಟ್ಟಿತು. ಒಂದು, ಅಂಗೀಕೃತ ಇಂಧನ. ಕೋಕ್ ಎಂಬುದರಲ್ಲಿ ಟಾರಿನ ಅನಿಲಗಳನ್ನು ಮೊದಲೇ ತೆಗೆದಿರುತ್ತಾರೆ. ಆಂಥ್ರಸೈಟ್ ಕಲ್ಲಿದ್ದಲಿನಲ್ಲಿ ಅವು ಸ್ವಭಾವತಃ ಕಡಮೆ. ಇಂಥವನ್ನು ಹಳೆಯ ಅಗ್ಗಿಷ್ಟಿಕೆಯಲ್ಲಿಯೇ ಉರಿಸಬಹುದು. ಇನ್ನೊಂದು, ವಿನಾಯಿತಿ ಪಡೆದ ಒಲೆ. ಹೊಗೆಯಾಡುವ ಇಂಧನವನ್ನು ಹಾಕಿದರೂ ಒಳಗೇ ಹೊಗೆಯನ್ನು ಸುಟ್ಟುಬಿಡುವ ಒಲೆಯನ್ನು ಪರೀಕ್ಷಿಸಿ, ಅದರ ಹೆಸರನ್ನು ಪಟ್ಟಿಗೆ ಸೇರಿಸುತ್ತಾರೆ. ಇಂಧನ ಬದಲಿಸಿ, ಇಲ್ಲವೇ ಒಲೆ ಬದಲಿಸಿ. ಆರ್ನಟ್‌ನ ಯುಕ್ತಿಗೆ ನೂರು ವರ್ಷಗಳ ಮೇಲೆ ಕಾನೂನಿನ ಮನ್ನಣೆ ದೊರೆಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ದುಡ್ಡಿನ ಮಾತು. ಒಲೆ ಬದಲಿಸುವ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ಸಾರ್ವಜನಿಕ ಹಣದಿಂದ ತುಂಬಿಕೊಟ್ಟರು: ನಾಲ್ಕು ಪಾಲು ಕೇಂದ್ರ ಸರ್ಕಾರದ್ದು, ಮೂರು ಪಾಲು ಪುರಸಭೆಯದು. ಮನೆಯವನು ಕೊಡಬೇಕಾದದ್ದು ಉಳಿದ ಮೂರು ಪಾಲು. ಏಳು ಶತಮಾನಗಳಲ್ಲಿ ಮೊದಲ ಬಾರಿಗೆ ಹೊಗೆಯ ಕಾನೂನು ಬರಿ ದಂಡವನ್ನಲ್ಲದೆ ಒಲೆಯನ್ನೂ ಕೈಯಲ್ಲಿ ಹಿಡಿದು ಮನೆಯ ಬಾಗಿಲಿಗೆ ಬಂದಿತ್ತು.

ಪರಿಣಾಮ ಒಂದೇ ದಿನ ಕಾಣಲಿಲ್ಲ. 1962ರ ಡಿಸೆಂಬರಿನಲ್ಲಿ ಮತ್ತೆ ಅಂಥದೇ ಮಂಜು ಕವಿದು ನೂರಾರು ಮಂದಿ ಸತ್ತರು. ಗಣಿಗಳ ಸುತ್ತಲಿನ ಊರುಗಳು ಬಹಳ ಹಿಂದುಳಿದವು. ಅಲ್ಲಿಯ ಕೆಲಸಗಾರನಿಗೆ ಕಲ್ಲಿದ್ದಲು ಸಂಬಳದ ಒಂದು ಭಾಗವಾಗಿ ಸಿಗುತ್ತಿತ್ತು. ನೆಲದಡಿಯಿಂದ ತಾನೇ ಅಗೆದು ತಂದದ್ದನ್ನು ತನ್ನ ಒಲೆಯಲ್ಲಿ ಉರಿಸಬಾರದೆಂದರೆ ಅವನು ಒಪ್ಪಿಯಾನೇ? 1968ರಲ್ಲಿ ಶಾಸನವನ್ನು ಬಿಗಿಗೊಳಿಸಿದರು. ಅಷ್ಟರಲ್ಲಿ, 1965ರಲ್ಲಿ, ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. 1967ರಿಂದ ಹತ್ತು ವರ್ಷಗಳಲ್ಲಿ ದೇಶದ ಅನಿಲದ ಒಲೆಗಳನ್ನೆಲ್ಲ ಅದಕ್ಕೆ ಹೊಂದಿಸಿದರು. ಜನ ಅನಿಲ, ವಿದ್ಯುತ್ತುಗಳ ಕಡೆಗೆ ಶಾಸನಕ್ಕೆ ಮೊದಲೇ ಹೊರಳುತ್ತಿದ್ದರು. ಆ ನಡಿಗೆಯನ್ನು ಶಾಸನ ಓಟವಾಗಿಸಿತು ಎಂಬುದೇ ನ್ಯಾಯವಾದ ಮಾತು. ಲಂಡನ್ನಿನ ಚಳಿಗಾಲಕ್ಕೆ ಬಿಸಿಲು ಮರಳಿ ಬಂತು.

ಈ ಕಥೆಗೆ ಒಂದು ನೆರಳೂ ಉಂಟು. ಹೊಗೆಯಿಲ್ಲದ ಇಂಧನ ಮರದಲ್ಲಿ ಬಿಡುವುದಿಲ್ಲ. ಅದನ್ನು ಎಲ್ಲಿಯೋ ತಯಾರಿಸಬೇಕು. ದಕ್ಷಿಣ ವೇಲ್ಸಿನ ಕೈನನ್ ಕಣಿವೆಯ ಅಬರ್‌ಕುಂಬಾಯ್ ಎಂಬಲ್ಲಿ 'ಫರ್ನಸೈಟ್' ಎಂಬ ಹೊಗೆರಹಿತ ಇಂಧನದ ಕಾರ್ಖಾನೆ 1940ರ ದಶಕದಿಂದ 1990ರವರೆಗೆ ನಡೆಯಿತು. ನಗರಗಳ ಅಗ್ಗಿಷ್ಟಿಕೆಗಳಲ್ಲಿ ಹೊಗೆ ಕಾಣದಿರಲೆಂದು ಆ ಕಣಿವೆ ಹಗಲಿರುಳು ಹೊಗೆ ಕುಡಿಯಿತು. ಅಲ್ಲಿ ದುಡಿದವರ ಶ್ವಾಸಕೋಶದ ರೋಗ, ಕ್ಯಾನ್ಸರುಗಳಿಗಾಗಿ ಹೂಡಿದ ದಾವೆಗಳ ತೀರ್ಪು ಬಂದದ್ದು 2012ರಲ್ಲಿ. ಹೊಗೆಯನ್ನು ಊರಿಂದ ಓಡಿಸುವಾಗ ಅದು ಯಾರ ಊರಿಗೆ ಹೋಗುತ್ತಿದೆ ಎಂದು ನೋಡುವುದೂ ಧರ್ಮ.

ಸೌದೆ ಮರಳಿತು

1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಪಶ್ಚಿಮದ ಜನಕ್ಕೆ ಮತ್ತೆ ಸೌದೆಯ ಒಲೆಯ ನೆನಪಾಯಿತು. ಈ ಶತಮಾನದಲ್ಲಂತೂ ಅದು ಶೋಕಿಯಾಗಿ ಬೆಳೆಯಿತು. ಆದರೆ ಹೊಗೆ ನಿಯಂತ್ರಣ ಪ್ರದೇಶಗಳು ಹಾಗೆಯೇ ಇದ್ದವು. 1993ರಲ್ಲಿ ಹಳೆಯ ಶಾಸನಗಳನ್ನೆಲ್ಲ ಒಟ್ಟುಗೂಡಿಸಿದರು. ಆ ಪ್ರದೇಶಗಳಲ್ಲಿ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವಂತಿಲ್ಲ; ಪಟ್ಟಿಯಲ್ಲಿರುವ ಒಲೆಯಲ್ಲಿ ಮಾತ್ರ ಉರಿಸಬಹುದು. ಆದ್ದರಿಂದ ಅಲ್ಲಿ ಒಲೆ ಕೊಳ್ಳುವುದು ವರ ನೋಡಿದಷ್ಟು ಕೆಲಸ.

ಅಂಥ ಒಲೆಯಲ್ಲಿ ಗಾಳಿ ಎರಡು ಮೂರು ದಾರಿಗಳಿಂದ ಬರುತ್ತದೆ. ಕೆಳಗಿನ ಗಾಳಿ ಹೊತ್ತಿಸುವುದಕ್ಕೆ. ಮೇಲಿನಿಂದ ಗಾಜಿನ ಬಾಗಿಲನ್ನು ಸವರಿಕೊಂಡು ಇಳಿಯುವ ಗಾಳಿ ಗಾಜನ್ನು ಶುಭ್ರವಾಗಿಡುತ್ತದೆ. ಹಿಂಬದಿಯ ತೂತುಗಳಿಂದ ಕಾದು ಬರುವ ಗಾಳಿ, ತಪ್ಪಿಸಿಕೊಳ್ಳುತ್ತಿರುವ ಅನಿಲಗಳನ್ನು ಮತ್ತೆ ಹೊತ್ತಿಸುತ್ತದೆ. ಹಳೆಯ ಒಲೆಗಳಲ್ಲಿ ರಾತ್ರಿ ಗಾಳಿಯ ಬಾಯನ್ನು ಪೂರ್ತಿ ಮುಚ್ಚಿ ಬೆಂಕಿಯನ್ನು ಬೆಳಗಿನವರೆಗೆ ಕನಲಿಸುವ ರೂಢಿಯಿತ್ತು. ಹೊಗೆ ಅತ್ಯಂತ ಹೆಚ್ಚಾಗುವುದು ಆಗಲೇ. ವಿನಾಯಿತಿಯ ಒಲೆಯಲ್ಲಿ ಗಾಳಿಯ ಬಾಯಿ ಪೂರ್ತಿ ಮುಚ್ಚದಂತೆ ಒಂದು ತಡೆ ಇಟ್ಟಿರುತ್ತಾರೆ. ಹಳೆಯ ಬ್ರಿಟಿಷ್ ಮಾನದಂಡದಂತೆ ಹೊಗೆಯ ಮಿತಿ ಗಂಟೆಗೆ 5 ಗ್ರಾಂ. ಒಲೆಯ ಶಕ್ತಿ ಹೆಚ್ಚಿದಂತೆ ಸ್ವಲ್ಪ ರಿಯಾಯಿತಿ. 2022ರ ಜನವರಿಯಿಂದ ಹೊಸದಾಗಿ ಮಾರುವ ಮುಚ್ಚಿದ ಒಲೆಗಳ ಹೊಗೆಯ ಪ್ರತಿ ಘನ ಮೀಟರಿನಲ್ಲಿ 40 ಮಿಲಿಗ್ರಾಮಿಗಿಂತ ಹೆಚ್ಚು ಕಣಗಳಿರಬಾರದೆಂಬ ನಿಯಮವೂ ಸೇರಿದೆ.

ಸೌದೆಯೊಂದನ್ನೇ ಉರಿಸುವ ಒಲೆ ಕೊಳ್ಳಬೇಕೇ, ಬಹು ಇಂಧನದ್ದು ಕೊಳ್ಳಬೇಕೇ ಎಂಬುದು ಮುಂದಿನ ಪ್ರಶ್ನೆ. ಸೌದೆ ತನ್ನದೇ ಬೂದಿಯ ಹಾಸಿಗೆಯ ಮೇಲೆ, ಮೇಲಿನ ಗಾಳಿಯಿಂದ ಚೆನ್ನಾಗಿ ಉರಿಯುತ್ತದೆ. ಕಲ್ಲಿದ್ದಲ ಜಾತಿಯ ಇಂಧನಕ್ಕೆ ಕಂಬಿಯ ಜಾಲರಿ ಬೇಕು, ಕೆಳಗಿನ ಗಾಳಿ ಬೇಕು, ಬೂದಿಯನ್ನು ಅಲುಗಿಸಿ ಉದುರಿಸಬೇಕು. ಬಹು ಇಂಧನದ ಒಲೆ ಎರಡಕ್ಕೂ ಒದಗುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಹಾಕಬಾರದು. ಸೌದೆಯ ತೇವ ಮತ್ತು ಕಲ್ಲಿದ್ದಲಿನ ಗಂಧಕ ಸೇರಿ ಆಮ್ಲವಾಗಿ ಚಿಮಣಿಯ ಒಳಗಿನ ಲೋಹದ ಕೊಳವೆಯನ್ನು ತಿನ್ನುತ್ತವೆ. ಒಲೆ ಕೋಣೆಯ ಅಳತೆಗೆ ತಕ್ಕಂತಿರಬೇಕೆಂಬುದು ಇನ್ನೊಂದು ಮಾತು. ದೊಡ್ಡ ಒಲೆ ತಂದು ಸೆಕೆಯಾಯಿತೆಂದು ಗಾಳಿ ತಗ್ಗಿಸಿದರೆ, ಎಂಥ ಒಳ್ಳೆಯ ಒಲೆಯೂ ಹೊಗೆಯಾಡುತ್ತದೆ.

ಇನ್ನು ಸೌದೆ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧ ನೀರು. ಅದನ್ನು ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನು ಕಾಯಿಸಬೇಕು. ಅಷ್ಟರಲ್ಲಿ ಶಾಖ ಇಳಿದು ಅನಿಲವೆಲ್ಲ ಹೊಗೆಯಾಗುತ್ತದೆ. ತೇವ ನೂರಕ್ಕೆ 20ಕ್ಕಿಂತ ಹೆಚ್ಚಿರುವ ಸೌದೆಯನ್ನು ಸಣ್ಣ ಪ್ರಮಾಣದಲ್ಲಿ ಮಾರುವುದನ್ನು ಇಂಗ್ಲೆಂಡು 2021ರ ಮೇ ತಿಂಗಳಿಂದ ನಿಷೇಧಿಸಿತು. ಮನೆಬಳಕೆಯ ಹೊಗೆಯಾಡುವ ಕಲ್ಲಿದ್ದಲಿನ ಮಾರಾಟ 2023ರ ಮೇ ತಿಂಗಳಿಗೆ ಪೂರ್ತಿ ನಿಂತಿತು. ಉರಿಸುವವರನ್ನು ಹಿಡಿಯುವುದಕ್ಕಿಂತ ಮಾರಾಟ ನಿಲ್ಲಿಸುವುದು ಸುಲಭವೆಂಬ ಪಾಠವನ್ನು ಐರ್ಲೆಂಡಿನ ಡಬ್ಲಿನ್ ನಗರ ಮೊದಲೇ ಕಲಿಸಿತ್ತು. ಅಲ್ಲಿ 1990ರ ಸೆಪ್ಟೆಂಬರ್ 1ರಂದು ಕಲ್ಲಿದ್ದಲ ಮಾರಾಟ ನಿಲ್ಲಿಸಿದ ಮೇಲೆ ಕರಿ ಹೊಗೆ ಸುಮಾರು ನೂರಕ್ಕೆ 70ರಷ್ಟು ಇಳಿಯಿತು. ಒಣ ಸೌದೆಯ ಮಹಿಮೆಯನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಕಟ್ಟಿಗೆ ಸೀಳಿ ಕೊಟ್ಟಿಗೆ ತುಂಬದ ಮನೆಯಲ್ಲಿ ಆಷಾಢವೆಲ್ಲ ಕಣ್ಣೀರು.

ಆದರೂ ಒಂದು ತೊಡಕು ಉಳಿದಿದೆ. 1956ರ ಶಾಸನ ಹೊಗೆಯನ್ನು ಕಣ್ಣಿನಿಂದ ಅಳೆಯುತ್ತಿತ್ತು. ಫ್ರಾನ್ಸಿನ ರಿಂಗೆಲ್‌ಮಾನ್ ರೂಪಿಸಿದ ಬೂದು ಛಾಯೆಗಳ ಪಟವೊಂದನ್ನು ಹಿಡಿದು ಚಿಮಣಿಯ ಕಡೆ ನೋಡುವುದು; ಎರಡನೆಯ ಛಾಯೆಯಷ್ಟು ಅಥವಾ ಅದಕ್ಕಿಂತ ಕಪ್ಪಾಗಿದ್ದರೆ ತಪ್ಪು. ಈಗ ವೈದ್ಯರು ಹೆದರುವುದು ಕಣ್ಣಿಗೆ ಕಾಣದ, 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ. ಪಟ್ಟಿಯಲ್ಲಿರುವ ಅತ್ಯುತ್ತಮ ಸೌದೆಯ ಒಲೆಯೂ ಅನಿಲದ ಒಲೆಗಿಂತ ಎಷ್ಟೋ ಪಟ್ಟು ಹೆಚ್ಚು ಕಣಗಳನ್ನು ಬಿಡುತ್ತದೆ. ಹೊಗೆ ಕಾಣದು ಎಂದ ಮಾತ್ರಕ್ಕೆ ಗಾಳಿ ಶುದ್ಧವೆಂದು ಹೇಳುವಂತಿಲ್ಲ. ಕಾಯಿಸಲು ಬೇರೆ ದಾರಿಯಿರುವ ಪೇಟೆಯ ಮನೆಯಲ್ಲಿ ಒಲೆ ಹಚ್ಚದಿರುವುದೇ ಮೇಲೆಂದು ನನಗೆ ತೋರುತ್ತದೆ.

ನಮ್ಮ ಕಡೆಯ ಮಾತು

ಲಂಡನ್ನಿನ ಕಾನೂನು ಹಡಗು ಹತ್ತಿ ಇಲ್ಲಿಗೂ ಬಂದಿತ್ತು. ಕಲಕತ್ತೆಗೆಂದು 1905ರಲ್ಲಿ ಬಂಗಾಳದ ಹೊಗೆ ಉಪದ್ರವ ಶಾಸನ, ನಮ್ಮ ಮುಂಬಯಿಗೆ 1912ರಲ್ಲಿ ಅಂಥದೇ ಶಾಸನ. ಎರಡೂ ಕುಲುಮೆಗಳ, ಗಿರಣಿಗಳ ಮೇಲೆ ಕಣ್ಣಿಟ್ಟವು. ವಾಸದ ಮನೆಯ ಒಲೆಯನ್ನು ಕೈಬಿಟ್ಟವು. ಮೂಲ ಶಾಸನದ ಕಂಸವೂ ಜೊತೆಗೇ ಬಂದಿತ್ತು. ಸ್ವತಂತ್ರ ಭಾರತದ 1981ರ ವಾಯುಮಾಲಿನ್ಯ ಶಾಸನದ 19ನೆಯ ಕಲಮು ನೋಡಿದರೆ 1956ರ ಎರಡು ಬಾಗಿಲುಗಳೂ ಕಾಣುತ್ತವೆ: ರಾಜ್ಯ ಸರ್ಕಾರ ವಾಯುಮಾಲಿನ್ಯ ನಿಯಂತ್ರಣ ಪ್ರದೇಶವನ್ನು ಘೋಷಿಸಬಹುದು, ಅಲ್ಲಿ ಅನುಮೋದಿತ ಇಂಧನವನ್ನೇ, ಅನುಮೋದಿತ ಉಪಕರಣವನ್ನೇ ಬಳಸಬೇಕೆಂದು ವಿಧಿಸಬಹುದು. ಹತ್ತರಲ್ಲಿ ಏಳು ಪಾಲು ತುಂಬಿಕೊಡುವ ಮಾತು ಮಾತ್ರ ಆ ಕಲಮಿನಲ್ಲಿ ಕಾಣುವುದಿಲ್ಲ.

ಹಾಗೆಂದು ನಮ್ಮಲ್ಲಿ ಒಲೆಯ ಬಗ್ಗೆ ಯೋಚಿಸಿದವರೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳಲ್ಲಿ ಕಂಡವರು ಓದುಗರಲ್ಲಿ ಹಲವರಿದ್ದಾರು. ಮೂರು ಪಾತ್ರೆಗಳ ಮಣ್ಣಿನ ಒಲೆ, ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ. ಸಾಮಾನ್ಯ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲಿನಷ್ಟು ಪಾತ್ರೆಗೆ ಸೇರಿದರೆ, ಇದರಲ್ಲಿ ಪ್ರಯೋಗಶಾಲೆಯ ಲೆಕ್ಕಕ್ಕೆ ನೂರಕ್ಕೆ 40ನ್ನು ಮೀರಿತು. 1983ರಿಂದ 2002ರವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಿದರು. ಬಹಳಷ್ಟು ಒಲೆಗಳು ಬಿರುಕು ಬಿಟ್ಟವು, ಕೊಳವೆ ಮುಚ್ಚಿಕೊಂಡವು. ರಿಪೇರಿಗೆ ಯಾರೂ ಬರಲಿಲ್ಲ. ಒಲೆ ಹಾಕಿಸಿ ಫೋಟೋ ತೆಗೆಸಿದ ಮೇಲೆ ಇಲಾಖೆಯ ಕೆಲಸ ಮುಗಿಯಬಹುದು. ಮನೆಯಾಕೆಯ ಕೆಲಸ ಅಲ್ಲಿಂದ ಪ್ರಾರಂಭ.

ಮತ್ತೆ ನಮ್ಮ ಬೀದಿಗೆ ಬರುತ್ತೇನೆ. ನ್ಯಾಯಾಲಯದ ಆಜ್ಞೆ ತಪ್ಪೆಂದು ನಾನು ಹೇಳಲಾರೆ. ಭಟ್ಟಿಯ ಬಾಯಲ್ಲಿ ಹಗಲಿರುಳು ನಿಲ್ಲುವ ಹುಡುಗರ ಎದೆಗೇ ಮೊದಲು ಆ ಹೊಗೆ ಇಳಿಯುತ್ತಿತ್ತು. ಆದರೆ ಮಾಲೀಕರ ಪ್ರಶ್ನೆಯನ್ನು ತಳ್ಳಿಹಾಕಲೂ ಆರೆ. ಎಡ್ವರ್ಡ್ ಅರಸನ ಆಜ್ಞೆ ಸೋತದ್ದು ಆ ಪ್ರಶ್ನೆಗೆ ಉತ್ತರವಿಲ್ಲದೆ. 1956ರ ಶಾಸನ ನಿಂತದ್ದು ಅದಕ್ಕೆ ಉತ್ತರ ಹೇಳಿ. ಬೇಕರಿಯ ಗಾಳಿ ಊರವರೆಲ್ಲರ ಗಾಳಿಯಾದರೆ ಭಟ್ಟಿಯ ಸಾಲದಲ್ಲಿ ಊರಿಗೂ ಒಂದು ಪಾಲು ಇರಬೇಕಲ್ಲವೇ?

ನಮ್ಮ ಚಾಳಿಗೆ ಅನಿಲದ ಸಿಲಿಂಡರು ಬಂದ ದಿನ ತಾಯಿ ಹಳೆಯ ಸಿಗಡಿಯನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಅಟ್ಟದ ಮೇಲಿಟ್ಟರು. ಎಸೆಯಲು ಮನಸ್ಸು ಬರಲಿಲ್ಲ. ಅವರ ಕೆಮ್ಮು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಆ ಕೆಮ್ಮಿಗೆ ಕಾರಣ ಎದುರಿನ ಗಿರಣಿಯ ಚಿಮಣಿ ಎಂದೇ ಅವರು ಹೇಳುತ್ತಿದ್ದರು.